ಗೋಡೆ ಕೆಡವುವ ಮುಂಚೆ ಬಾವಲಿ ಎಣಿಸಿ

ಹಳೆ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವ ಕೆಲಸ ನಮ್ಮ ಕಡೆ ಬೇಸಿಗೆಯಲ್ಲೇ ಜೋರು. ಕಾಲುವೆ ನೀರು ನಿಂತಿರುತ್ತದೆ, ಆಳು ಸಿಗುತ್ತಾರೆ, ಮಳೆಯ ಭಯ ಇಲ್ಲ. ಜೆಸಿಬಿ ತಂದರೆ ಅರ್ಧ ದಿನದಲ್ಲಿ ಮನೆ ನೆಲಸಮ. ಆದರೆ ತೊಲೆ, ಜಂತೆಗಳ ಸಂದಿಯಲ್ಲಿ ಜೋತುಬಿದ್ದಿರುವ ಸಣ್ಣ ಬಾವಲಿಗಳ ಪೈಕಿ ಅನೇಕ ಜಾತಿಗಳು ಮರಿ ಹಾಕುವುದೂ ಬೇಸಿಗೆಯ ಕೊನೆಯಿಂದ ಮಳೆಗಾಲದ ಆರಂಭದ ನಡುವೆಯೇ. ದೊಡ್ಡವು ಹಾರಿ ಹೋಗುತ್ತವೆ. ಹಾರಲು ಬಾರದ ಮರಿಗಳು ಮಣ್ಣಿನಡಿ ಹೋಗುತ್ತವೆ. ಒಂದು ಸಲಕ್ಕೆ ಒಂದು, ಹೆಚ್ಚೆಂದರೆ ಎರಡು ಮರಿ ಹಾಕುವ ಪ್ರಾಣಿ ಇದು. ಇಲಿಯ ಹಾಗೆ ಆರು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುವುದಿಲ್ಲ.

ಇಂಗ್ಲೆಂಡಿನಲ್ಲಿ ಬಾವಲಿ ಇರಬಹುದೆಂದು ಕಂಡ ಹಳೆ ಕಟ್ಟಡ ಕೆಡವಲು, ಮಾಡು ಬದಲಿಸಲು ಅನುಮತಿ ಕೇಳಿದರೆ ಮೊದಲು ಬಾವಲಿ ಸರ್ವೆ ಮಾಡಿಸಿಕೊಂಡು ಬಾ ಎನ್ನುತ್ತಾರೆ. ಅಲ್ಲಿ 1981ರ ಕಾಯಿದೆಯಿಂದ ಎಲ್ಲ ಜಾತಿಯ ಬಾವಲಿಗೂ ಅದರ ವಾಸದ ಜಾಗಕ್ಕೂ ರಕ್ಷಣೆ ಇದೆ. ತಿಳಿದವರು ಹಗಲು ಬಂದು ಹಿಕ್ಕೆ, ಕಲೆ ನೋಡುತ್ತಾರೆ. ಅನುಮಾನ ಬಂದರೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಸಂಜೆ ಕೂತು, ಹೊರಬರುವ ಬಾವಲಿ ಎಣಿಸುತ್ತಾರೆ. ಚಳಿಗಾಲದಲ್ಲಿ ನೆನಪಾದರೆ ಮುಂದಿನ ಮೇ ತನಕ ಕಾಯಬೇಕು. ಮನೆ ಕಟ್ಟುವವರು ಗೊಣಗುತ್ತಾರೆ, ಆದರೂ ಮಾಡಿಸುತ್ತಾರೆ.

ನಮ್ಮಲ್ಲಿ? ಭೂಪರಿವರ್ತನೆಗೆ ಅರ್ಜಿ ಹಾಕಿ, ಪಂಚಾಯ್ತಿಯಲ್ಲಿ ಲೈಸೆನ್ಸ್ ತಗೊಳ್ಳಿ, ಬಾವಲಿಯ ಮಾತೇ ಬರುವುದಿಲ್ಲ. 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಕ್ಕೆ ಮಾತ್ರ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಸೂಕ್ಷ್ಮ ಜೀವಿಗಳು ಮರಿ ಮಾಡುವ, ತಂಗುವ, ಮೇಯುವ ಜಾಗ ಹತ್ತಿರ ಇದೆಯೇ ಎಂದು ಅದರ ಅರ್ಜಿ ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು. ಬಳ್ಳಾರಿ ಸುತ್ತ ಲೇಔಟ್ ಆಗುವ ಹೊಲದ ಹಾಳು ಬಾವಿ ಮುಚ್ಚುವಾಗ ಯಾರೂ ಕೇಳುವುದಿಲ್ಲ. ಇನ್ನು 1972ರ ವನ್ಯಜೀವಿ ಕಾಯಿದೆ ಹಣ್ಣು ತಿನ್ನುವ ಬಾವಲಿಯನ್ನು ಕಾಗೆ, ಇಲಿಗಳ ಜೊತೆ ಪೀಡೆ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ.

ಹೀಗಾಗಿ ಎಣಿಸುವ ಕೆಲಸ ನಮ್ಮ ಪಾಲಿಗೇ ಬಿತ್ತು. ಸರ್ಕಾರ ಹೇಳದ ಮೇಲೆ ನಮಗ್ಯಾಕ್ರೀ ಉಸಾಬರಿ ಅನ್ನುವವರಿಗೆ ಉತ್ತರ ಗದ್ದೆಯಲ್ಲಿದೆ.

ಸಿರುಗುಪ್ಪದ ಭತ್ತದವರಿಗೆ ಕಂದು ಜಿಗಿಹುಳು, ಕಾಂಡಕೊರಕದ ಪರಿಚಯ ಮಾಡಿಸಬೇಕಿಲ್ಲ. ಕಾಂಡಕೊರಕದ ಪತಂಗ ಹಾರಾಡುವುದು ರಾತ್ರಿ. ಹಗಲು ಕೊಕ್ಕರೆ, ಕಾಜಾಣ ಇದ್ದರೆ, ರಾತ್ರಿ ಪಾಳಿಗೆ ಇರುವುದು ಗೂಬೆಯಲ್ಲ, ಗೂಬೆ ಇಲಿ ಹಿಡಿಯುತ್ತದೆ. ಹಾರುವ ಹುಳ ಹಿಡಿಯುವುದು ಸಣ್ಣ ಬಾವಲಿ. ತನ್ನ ತೂಕದ ಕಾಲು ಭಾಗದಿಂದ ಅರ್ಧದಷ್ಟು ಹುಳ ಒಂದೇ ರಾತ್ರಿ ತಿನ್ನಬಲ್ಲದು. ಸ್ಪೇನ್ ದೇಶದ ಎಬ್ರೋ ನದಿ ಕಡಲು ಸೇರುವಲ್ಲಿನ ಭತ್ತದ ಗದ್ದೆಗಳಲ್ಲಿ ಬಾವಲಿಗಾಗಿ ಮರದ ಪೆಟ್ಟಿಗೆ ಕಟ್ಟಿದರು. ಪೆಟ್ಟಿಗೆಯಲ್ಲಿ ಬಾವಲಿ ಹೆಚ್ಚಿದಂತೆ ಕಾಂಡಕೊರಕ ಇಳಿಯಿತೆಂದು 2015ರಲ್ಲಿ ವರದಿಯಾಯಿತು. ಥಾಯ್ಲೆಂಡಿನಲ್ಲಿ ಒಂದು ಜಾತಿಯ ಬಾವಲಿ ಬಿಳಿಬೆನ್ನಿನ ಜಿಗಿಹುಳು ತಿಂದು ವರ್ಷಕ್ಕೆ ಸುಮಾರು 26,000 ಜನರ ಊಟದಷ್ಟು ಅಕ್ಕಿ ಉಳಿಸುತ್ತದೆ ಎಂದು 2014ರಲ್ಲಿ ಲೆಕ್ಕ ಹಾಕಿದರು. ಅಮೆರಿಕದ ಟೆಕ್ಸಾಸಿನಲ್ಲಿ ಹತ್ತಿಯ ಕಾಯಿಕೊರಕದ ಪತಂಗ ಹಿಡಿಯುವ ಬಾವಲಿಗಳ ಮೇಲೂ ಇಂಥ ಲೆಕ್ಕ ಆಗಿದೆ. ಹತ್ತಿ, ಮೆಣಸಿನಕಾಯಿ ಇಟ್ಟವರು ಇದನ್ನು ಗಮನಿಸಬೇಕು. ಬಾವಲಿ ಇದ್ದರೆ ಔಷಧಿಯೇ ಬೇಡ ಎಂದು ಇದರ ಅರ್ಥವಲ್ಲ. ಪುಕ್ಕಟೆ ದುಡಿಯುವ ಆಳನ್ನು ಓಡಿಸಿ ಕೂಲಿ ಆಳು ಹುಡುಕಬೇಡಿ ಎಂದಷ್ಟೇ.

ಹಣ್ಣು ತಿನ್ನುವ ದೊಡ್ಡ ಬಾವಲಿಯ ಲೆಕ್ಕ ಬೇರೆ. ಬಳ್ಳಾರಿ ಅಂಜೂರ, ಪೇರಲ, ಸಪೋಟ ಬೆಳೆದವರಿಗೆ ಅದು ನಷ್ಟ ಮಾಡುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ತೋಟಕ್ಕೆ ಬಲೆ ಹಾಕಬೇಕು. ಆದರೆ ಅದು ಮನೆಯ ಜಂತೆಯಲ್ಲಿ ಇರುವುದಿಲ್ಲ, ಆಲ, ಹುಣಸೆಯಂಥ ದೊಡ್ಡ ಮರದಲ್ಲಿ ಬಯಲಿಗೇ ಜೋತುಬೀಳುತ್ತದೆ. ಇದರ ಮೇಲಿನ ಸಿಟ್ಟನ್ನು ಸಣ್ಣ ಬಾವಲಿಯ ಮೇಲೆ ತೀರಿಸಿಕೊಳ್ಳುವುದು ಬೇಡ. ಬಾವಲಿ ಮನೆಯಾಗ ಹೊಕ್ಕರ ಮನಿ ಹಾಳು ಅಂತ ಹಿರಿಯರು ಹೇಳುವುದುಂಟು. ಮನೆ ಹಾಳುಬಿದ್ದ ಮೇಲೆ ಬಾವಲಿ ಹೊಕ್ಕಿತೇ ಹೊರತು, ಬಾವಲಿ ಹೊಕ್ಕಿದ್ದಕ್ಕೆ ಮನೆ ಹಾಳಾಗಲಿಲ್ಲ!

ಈಗ ಎಣಿಸುವ ವಿಧಾನ. ಮೊದಲು ಹಗಲು ಹೊತ್ತು ಜಾಗ ನೋಡಿ. ಗೋಡೆಯ ಬಿರುಕಿನ ಬಾಯಲ್ಲಿ ಎಣ್ಣೆ ಮೆತ್ತಿದಂಥ ಕರಿ ಕಲೆ, ಕೆಳಗೆ ಇಲಿ ಹಿಕ್ಕೆಯಂಥ ಸಣ್ಣ ಕಾಳು. ಒಣಗಿದ ಒಂದು ಕಾಳನ್ನು ಕಡ್ಡಿಯಿಂದ ಒತ್ತಿ. ಪುಡಿಯಾಗಿ, ಹುಳದ ರೆಕ್ಕೆಯ ಚೂರು ಮಿಂಚಿದರೆ ಬಾವಲಿಯದು. ಗಟ್ಟಿ ಇದ್ದರೆ ಇಲಿಯದು. ಮುಚ್ಚಿದ ಕೋಣೆಗೆ, ಹಾಳು ಬಾವಿಗೆ ಇಳಿಯುವಾಗ ಮೂಗು ಬಾಯಿಗೆ ಬಟ್ಟೆ ಇರಲಿ, ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬರಿಗೈಯಲ್ಲಿ ಬಾವಲಿ ಮುಟ್ಟಬೇಡಿ. ಕಚ್ಚಿದರೆ ಸೋಪು ಹಾಕಿ ತೊಳೆದು, ನಾಯಿ ಕಚ್ಚಿದಾಗ ಹೋಗುವಂತೆ ಆಸ್ಪತ್ರೆಗೆ ಹೋಗಿ.

ಸಂಜೆ ಎಣಿಕೆಗೆ ಇಬ್ಬರು ಬೇಕು, ಕಟ್ಟಡ ದೊಡ್ಡದಿದ್ದರೆ ನಾಲ್ವರು. ನಮ್ಮಲ್ಲಿ ಜೂನ್ ಕೊನೆಗೆ ಸುಮಾರು 6.50ಕ್ಕೆ, ನವೆಂಬರ್‌ನಲ್ಲಿ 5.45ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಕಾಲು ಗಂಟೆ ಮುಂಚೆ ಹೋಗಿ ಕೂರಿ, ಒಂದೂವರೆ ಗಂಟೆ ಏಳಬೇಡಿ. ಕಂಡಿ ಮತ್ತು ಅದರ ಹಿಂದಿನ ಬೆಳಕಿನ ಆಕಾಶ ಎರಡೂ ಕಾಣುವಂತೆ, ತುಸು ಪಕ್ಕಕ್ಕೆ ಕೂತರೆ ಹೊರಬೀಳುವ ಬಾವಲಿ ಕಪ್ಪಾಗಿ ಎದ್ದು ಕಾಣುತ್ತದೆ. ಟಾರ್ಚ್ ಬಿಡಬೇಡಿ, ಬೀಡಿ ಹಚ್ಚಬೇಡಿ, ಮೊಬೈಲ್ ಜೇಬಿನಲ್ಲೇ ಇರಲಿ. ಎಣಿಸುವುದು ಜೋಳದ ಕಾಳಿನಿಂದ: ಹತ್ತು ಹೊರಬಂದರೆ ಬಲ ಜೇಬಿಗೆ ಒಂದು ಕಾಳು. ವಾಪಸು ಒಳಹೊಕ್ಕವನ್ನು ಇನ್ನೊಬ್ಬ ಎಣಿಸಲಿ. ಹೊರಬಂದದ್ದರಲ್ಲಿ ಒಳಹೋದದ್ದನ್ನು ಕಳೆದರೆ ನಿಮ್ಮ ಲೆಕ್ಕ. ಮಳೆ, ಜೋರು ಗಾಳಿ ಇದ್ದ ದಿನ ಬಿಡಿ. ಮೂರು ಸಂಜೆ ಎಣಿಸಿ, ಅತಿ ಹೆಚ್ಚು ಬಂದ ಅಂಕಿಯನ್ನು ಇಟ್ಟುಕೊಳ್ಳಿ. ತಾರೀಕು, ವೇಳೆ, ಕಂಡಿಯ ಜಾಗ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಶಾಲೆ ಮಕ್ಕಳನ್ನು ಕೂರಿಸಿದರೆ ದೊಡ್ಡವರಿಗಿಂತ ಚೆನ್ನಾಗಿ ಎಣಿಸುತ್ತಾರೆ.

ಕುರುಗೋಡಿನವರು ಗುಡಿ, ಮಂಟಪಗಳ ಜೊತೆಗೆ ಗುಡ್ಡದ ಬಂಡೆ ಸಂದುಗಳನ್ನೂ ಎಣಿಸಬೇಕು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ಮಾತ್ರ ಉಳಿದಿರುವ ಬಾವಲಿ ಜಾತಿಯೊಂದಿದೆ. 1994ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಬಿತ್ತು. ಮುಂದೆ ಎಣಿಸಿದಾಗ ಸಿಕ್ಕಿದ್ದು 200ಕ್ಕೂ ಕಡಿಮೆ. ಸುತ್ತಲಿನ ಕಲ್ಲುಗಣಿಗಾರಿಕೆಯೇ ಅದಕ್ಕೆ ಕುತ್ತು. ಎಣಿಸಿದ್ದರಿಂದಲೇ ಅದು ಗೊತ್ತಾಯಿತು. ಕ್ವಾರಿ ಬರುವ ಮುಂಚೆ ನಮ್ಮ ಕೈಯಲ್ಲಿ ಅಂಕಿ ಇದ್ದರೆ ಅರ್ಜಿಯಲ್ಲಿ ಬರೆಯಲು ಏನಾದರೂ ಇರುತ್ತದೆ.

ಎಣಿಸಿದ ಮೇಲೆ ಮನೆ ಕಟ್ಟಬಾರದೇ? ಕಟ್ಟಿ, ಆದರೆ ಕೆಡವುವುದನ್ನು ಮರಿ ಹಾರುವ ತನಕ, ಅಂದರೆ ದಸರಾ ಕಳೆಯುವವರೆಗೆ ಮುಂದೂಡಿ. ಆಮೇಲೆ ಕಂಡಿಯ ಮೇಲಂಚಿಗೆ ಸಣ್ಣ ಕಣ್ಣಿನ ಬಲೆ ಹೊಡೆದು, ಕೆಳಗೆ ಎರಡಡಿ ಸಡಿಲವಾಗಿ ಇಳಿಬಿಡಿ. ಒಳಗಿನವು ಕೆಳಗಿಂದ ನುಸುಳಿ ಹೊರಬರುತ್ತವೆ, ತಿರುಗಿ ಹೋಗಲು ದಾರಿ ಸಿಗುವುದಿಲ್ಲ. ಒಂದು ವಾರ ಬಿಟ್ಟು ಮತ್ತೊಂದು ಸಂಜೆ ಎಣಿಸಿ. ಒಂದೂ ಬರದಿದ್ದರೆ ಜೆಸಿಬಿ ಕರೆಸಿ.

ಬದಲಿ ಜಾಗಕ್ಕೆ ಮರದ ಪೆಟ್ಟಿಗೆ ಮುಂಚೆಯೇ ಕಟ್ಟಿರಬೇಕು. ಹಳೆ ಹಲಗೆ ಸಾಕು. ಎರಡಡಿ ಎತ್ತರ, ಒಂದೂವರೆ ಅಡಿ ಅಗಲ, ಎರಡು ಹಲಗೆಗಳ ನಡುವೆ ಮುಕ್ಕಾಲು ಇಂಚು ಸಂದು, ಬಾಯಿ ಕೆಳಗೆ. ಕಾಲೂರಿ ಜೋತುಬೀಳಲು ಒಳಮೈಯನ್ನು ಮಚ್ಚಿನಿಂದ ಗೀಚಿ ಒರಟು ಮಾಡಿ, ಬಣ್ಣ ಬೇಡ. ತಂಪು ದೇಶದವರು ಇದನ್ನು ಬಿಸಿಲಿಗೆ ಕಟ್ಟುತ್ತಾರೆ. 40 ಡಿಗ್ರಿ ದಾಟುವ ಬಳ್ಳಾರಿ ಬಿಸಿಲಿನಲ್ಲಿ ಹಾಗೆ ಮಾಡಿದರೆ ಬಾವಲಿ ಬೆಂದುಹೋದೀತು. ಪಂಪ್‌ಸೆಟ್ ಮನೆಯ ಪೂರ್ವದ ಗೋಡೆಗೆ, ಮಧ್ಯಾಹ್ನ ನೆರಳು ಬೀಳುವ ಕಡೆ, ಹನ್ನೆರಡು ಅಡಿ ಎತ್ತರದಲ್ಲಿ ಕಟ್ಟಿ. ಒಂದೆರಡು ವರ್ಷ ಖಾಲಿ ಉಳಿದರೂ ಬಿಚ್ಚಬೇಡಿ. ಕೆಳಗೆ ಹಳೆ ಗೊಬ್ಬರದ ಚೀಲ ಹಾಸಿಟ್ಟರೆ ಹಿಕ್ಕೆ ಅದರ ಮೇಲೆ ಬೀಳುತ್ತದೆ. ತಿಪ್ಪೆಗೆ ಸೇರಿಸಿ ಕೊಳೆಸಿ, ತರಕಾರಿಗೆ ಹಾಕಬಹುದು.