ಬಂದರಿನ ಆಯ್ಕೆ

ನಮ್ಮ ಶರಣಸಿರಸಗಿಗೆ ಕಡಲು ಬಹುದೂರ. ಎಂಬತ್ತು ದಾಟಿದ ನನ್ನ ತಾಯಿಯವರು ಅದನ್ನು ಕಂಡವರೇ ಅಲ್ಲ. ಬೇಸಗೆಯ ರಜೆಯಲ್ಲಿ ಅವರನ್ನು ಹಡಗಿನಲ್ಲಿ ಕರೆದೊಯ್ಯಬೇಕೆಂದು ಮನೆಮಂದಿಯೆಲ್ಲ ನಿಶ್ಚಯಿಸಿದಾಗ, ಯಾವ ಬಂದರಿನಿಂದ ಹೊರಡುವುದೆಂಬ ಪ್ರಶ್ನೆ ಎದ್ದಿತು.

ಮಂಗಳೂರು ನಮ್ಮ ನಾಡಿನದೇ ಬಂದರೆಂದು ಮಕ್ಕಳು ವಾದಿಸಿದರು. ಅಭಿಮಾನವೇನೋ ಸರಿ, ಆದರೆ ಅಲ್ಲಿಗೆ ನಾಡಿನುದ್ದಕ್ಕೂ ಪಯಣಿಸಿ ಘಟ್ಟವನ್ನಿಳಿಯಬೇಕು. ಲಕ್ಷದ್ವೀಪದ ಹಡಗುಗಳು ಹೆಚ್ಚಾಗಿ ಹೊರಡುವ ಕೊಚ್ಚಿಯಂತೂ ಇನ್ನೂ ದೂರ.

“ರೈಲಿನಾಗ ಎಷ್ಟು ತಾಸು ಕೂಡಬೇಕು? ಅದು ಮೊದಲು ಹೇಳಪ್ಪಾ” ಎಂದರು ತಾಯಿಯವರು. ನಾವಾರೂ ಅದನ್ನು ಯೋಚಿಸಿರಲಿಲ್ಲ!

ಕಲಬುರಗಿಯ ಮೂಲಕ ಹಾಯುವ ಹಳಿ 1871ರಲ್ಲಿಯೇ ಮುಂಬಯಿ, ಚೆನ್ನೈಗಳನ್ನು ಜೋಡಿಸಿತು. ಮುಂಬಯಿಗೆ ಸುಮಾರು 570 ಕಿಲೋಮೀಟರು, ಚೆನ್ನೈಗೆ 710. ಚೆನ್ನೈಯಿಂದ ಅಂಡಮಾನಿಗೆ ಸುಮಾರು ಮೂರು ದಿನಗಳ ಯಾನ. ವೃದ್ಧರಿಗೆ ಅದು ದೀರ್ಘ. ಮುಂಬಯಿಯಿಂದ ಎರಡು ಮೂರು ರಾತ್ರಿಗಳ ವಿಹಾರಯಾನಗಳುಂಟು. ರೈಲಿನಲ್ಲಿಯೂ ಒಂದು ರಾತ್ರಿ ಮಲಗಿದರೆ ಸಾಕು.

ಜೂನಿನಲ್ಲಿ ಮುಂಗಾರು ಬಂದರೆ ಪಡುಗಡಲು ಕೆರಳುತ್ತದೆ. ಆದುದರಿಂದ ಮೇ ತಿಂಗಳ ಮೊದಲ ವಾರವನ್ನೇ ಗೊತ್ತುಮಾಡಿದೆವು. ತಡವಾದ ರೈಲಿಗಾಗಿ ಹಡಗು ಕಾಯುವುದಿಲ್ಲವಾದ್ದರಿಂದ ಒಂದು ದಿನ ಮುಂಚಿತವಾಗಿಯೇ ಮುಂಬಯಿ ಸೇರುವುದೆಂದಾಯಿತು. ರೈಲಿನಲ್ಲಿ ತಾಯಿಯವರಿಗೆ ಕೆಳಗಿನ ಬರ್ತು ದೊರೆತ ಮೇಲೆಯೇ ಹಡಗಿನ ಟಿಕೆಟುಗಳನ್ನು ಕೊಂಡೆವು.