ಮಣ್ಣಿನ ಜೀವಿಗಳ ಕಾಲ ಮತ್ತು ಪಿಎಚ್.ಡಿ. ಪ್ರಬಂಧದ ಕಾಲ

1842ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿ, ತನ್ನ ಮನೆಯ ಸಮೀಪದ ಹುಲ್ಲುಗಾವಲೊಂದರ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದನು. 1871ರ ನವೆಂಬರಿನಲ್ಲಿ ಅಲ್ಲಿ ಕಂದಕ ತೋಡಿಸಿ ನೋಡಿದಾಗ ಆ ಚೂರುಗಳು ಏಳು ಅಂಗುಲ ಆಳದಲ್ಲಿ ಸಾಲುಗಟ್ಟಿ ಕಂಡವು. ಎರೆಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಹಿಕ್ಕೆಯಾಗಿ ನೆಲದ ಮೇಲೆ ಹಾಕುತ್ತ ಬಂದುದರಿಂದ ಕಲ್ಲು ತಾನಾಗಿಯೇ ಹೂತುಹೋಗಿತ್ತು. 1881ರಲ್ಲಿ ಪ್ರಕಟವಾದ ಅವನ ಕೊನೆಯ ಗ್ರಂಥದಲ್ಲಿ ಬರುವ ಈ ಒಂದು ಅಳತೆಗೆ 29 ವರ್ಷ ಹಿಡಿಯಿತು. ಇಂದು ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುವ ವಿದ್ಯಾರ್ಥಿಗೆ ದೊರೆಯುವ ಕಾಲ ಮೂರರಿಂದ ಐದು ವರ್ಷ ಮಾತ್ರ. ಪುನಶ್ಚೇತನ ಕೃಷಿಯ ಹೊಲಗಳಲ್ಲಿ ಮಣ್ಣಿನ ಪ್ರಾಣಿಗಳನ್ನು ಕುರಿತು ನಡೆಯುವ ಸಂಶೋಧನೆಯ ಬಹುಪಾಲು ತೊಡಕುಗಳು ಹುಟ್ಟುವುದು ಈ ಅಂತರದಲ್ಲಿಯೇ.

ಪುನಶ್ಚೇತನ ಕೃಷಿ ಎಂಬ ಪರಿಕಲ್ಪನೆಗೆ ಪ್ರಚಾರ ದೊರೆತದ್ದು 1980ರ ದಶಕದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ರಾಬರ್ಟ್ ರೋಡೇಲ್ ಅವರಿಂದ. ಇದ್ದ ಮಣ್ಣನ್ನು ಉಳಿಸಿಕೊಳ್ಳುವುದಷ್ಟೇ ಸಾಲದು, ಕಳೆದುಹೋದ ಸತ್ವವನ್ನು ಮರಳಿ ಕಟ್ಟಬೇಕು ಎಂಬುದು ಅದರ ತಿರುಳು. ಉಳುಮೆಯನ್ನು ಕಡಿಮೆ ಮಾಡುವುದು, ನೆಲವನ್ನು ಸದಾ ಹೊದಿಕೆಯಲ್ಲಿಡುವುದು, ಬೆಳೆಗಳನ್ನು ಬದಲಿಸುವುದು, ದನಕರುಗಳನ್ನು ಹೊಲದೊಳಗೆ ತರುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಆದರೆ ಈ ಆಚರಣೆಗಳು ಪರಸ್ಪರ ಸದಾ ಹೊಂದಿಕೊಳ್ಳುವುದಿಲ್ಲ. ರಾಸಾಯನಿಕಗಳನ್ನು ತೊರೆದ ರೈತನು ಕಳೆಗಾಗಿ ಕುಂಟೆ ನೇಗಿಲುಗಳನ್ನು ನೆಚ್ಚಬೇಕಾಗುತ್ತದೆ; ನೇಗಿಲನ್ನು ತೊರೆದವನು ಅನೇಕ ವೇಳೆ ಕಳೆನಾಶಕಕ್ಕೆ ಮೊರೆಹೋಗುತ್ತಾನೆ. ಆದುದರಿಂದ ಹೊಲಕ್ಕೆ ಅಂಟಿಸಿದ ಹೆಸರನ್ನು ನಂಬಿ ಹೋಲಿಕೆ ಮಾಡುವ ಪ್ರಬಂಧ ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತದೆ. ಅಳೆಯಬೇಕಾದದ್ದು ಎಷ್ಟು ಸಲ, ಎಷ್ಟು ಆಳಕ್ಕೆ ಉತ್ತರು, ಹೊಲಕ್ಕೆ ಏನನ್ನು ಹಾಕಿದರು ಎಂಬ ನಿಜಾಂಶಗಳನ್ನು.

ಉಳುಮೆಯ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಮರಿಯಾ ಬ್ರಿಯೋನೆಸ್ ಮತ್ತು ಓಲಾಫ್ ಶ್ಮಿಟ್ ಅವರು 40 ದೇಶಗಳ 215 ಕ್ಷೇತ್ರಾಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಉಳುಮೆಯನ್ನು ಪೂರ್ತಿ ಬಿಟ್ಟ ಹೊಲಗಳಲ್ಲಿ ಎರೆಹುಳುಗಳ ಸಂಖ್ಯೆ ಸರಾಸರಿ ಶೇ. 137ರಷ್ಟೂ ಅವುಗಳ ಒಟ್ಟು ತೂಕ ಶೇ. 196ರಷ್ಟೂ ಹೆಚ್ಚಾಗಿದ್ದವು. ನೇಗಿಲಿನಿಂದ ಹೆಚ್ಚು ಪೆಟ್ಟು ತಿನ್ನುವುದು ಮೇಲ್ಪದರದಲ್ಲಿ ಕಸಕಡ್ಡಿಯ ನಡುವೆ ಬಾಳುವ ಹುಳುಗಳು, ಅದಕ್ಕಿಂತಲೂ ಮಿಗಿಲಾಗಿ ನೆಟ್ಟಗೆ ಆಳವಾದ ಬಿಲ ತೋಡುವ ದೊಡ್ಡ ಹುಳುಗಳು. ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಮಾತಿದೆ. ಪ್ರಬಂಧ ಬರೆಯುವವರು ಅದನ್ನು ಬೇಗ ಮರೆಯುತ್ತಾರೆ. ಉಳುಮೆ ತಗ್ಗಿಸಿ ಹತ್ತು ವರ್ಷಗಳಿಗೂ ಮೀರಿದ ಹೊಲಗಳಲ್ಲಿ ಈ ಏರಿಕೆ ಹೆಚ್ಚು ಸ್ಪಷ್ಟವಾಗಿತ್ತು.

ಮೂರು ವರ್ಷದ ಸಂಶೋಧಕನು ಹತ್ತು ವರ್ಷದ ಬದಲಾವಣೆಯನ್ನು ಕಾಣುವುದೆಂತು? ಸಾಮಾನ್ಯವಾಗಿ ಅವನು ಕಾಲಕ್ಕೆ ಬದಲಾಗಿ ಸ್ಥಳವನ್ನು ಹಿಡಿಯುತ್ತಾನೆ. ಎರಡು ವರ್ಷದ ಹಿಂದೆ ಪದ್ಧತಿ ಬದಲಿಸಿದ ಹೊಲ, ಐದು ವರ್ಷದ ಹಿಂದೆ ಬದಲಿಸಿದ್ದು, ಹದಿನೈದು ವರ್ಷದ ಹಿಂದೆ ಬದಲಿಸಿದ್ದು, ಇವನ್ನು ಒಂದೇ ಹಂಗಾಮಿನಲ್ಲಿ ಅಗೆದು, ಅವು ಒಂದೇ ಹೊಲದ ಮೂರು ವಯಸ್ಸುಗಳೆಂಬಂತೆ ಓದುತ್ತಾನೆ. ಜಾಣ ಉಪಾಯವೇನೋ ಹೌದು. ಆದರೆ ಹದಿನೈದು ವರ್ಷದ ಹಿಂದೆಯೇ ಪದ್ಧತಿ ಬದಲಿಸಿದ ರೈತನ ನೆಲ ಮೊದಲಿನಿಂದಲೇ ಉತ್ತಮವಾಗಿದ್ದಿರಬಹುದು, ಅವನ ಬಾವಿಯಲ್ಲಿ ನೀರಿದ್ದಿರಬಹುದು, ಕೊಟ್ಟಿಗೆಯಲ್ಲಿ ದನಗಳಿದ್ದಿರಬಹುದು. ಹುಳು ಹೆಚ್ಚಿದ್ದು ಪದ್ಧತಿಯಿಂದಲೋ ನೀರಿನಿಂದಲೋ ಎಂಬುದು ಅಗೆತದಿಂದ ತಿಳಿಯದು. ಒಂದೇ ಹೊಲದಿಂದ ಮೂವತ್ತು ಮಾದರಿಗಳನ್ನು ತೆಗೆದು ಅವನ್ನು ಮೂವತ್ತು ಸ್ವತಂತ್ರ ಸಾಕ್ಷಿಗಳೆಂದು ಲೆಕ್ಕ ಹಾಕುವ ತಪ್ಪು ಇದರೊಡನೆ ಸೇರುತ್ತದೆ. ಸ್ಟುವರ್ಟ್ ಹರ್ಲ್ಬರ್ಟ್ 1984ರಲ್ಲಿಯೇ ಇದನ್ನು ಹುಸಿ ಪುನರಾವರ್ತನೆಯೆಂದು ಹೆಸರಿಸಿ ಎಚ್ಚರಿಸಿದ್ದರು. ಮೂವತ್ತು ಗುಂಡಿ ತೋಡಿದರೂ ಹೊಲ ಒಂದೇ.

ಎಣಿಕೆಯ ಉಪಕರಣಕ್ಕೂ ತನ್ನದೇ ಕುರುಡಿದೆ. ಉಷ್ಣವಲಯದ ಮಣ್ಣುಗಳ ಅಧ್ಯಯನದಲ್ಲಿ ರೂಢಿಗೆ ಬಂದಿರುವ ಕ್ರಮದಂತೆ 25 ಸೆಂಟಿಮೀಟರ್ ಚೌಕದ, 30 ಸೆಂಟಿಮೀಟರ್ ಆಳದ ಮಣ್ಣಿನ ಗಟ್ಟಿಯನ್ನು ತೆಗೆದು ಕೈಯಿಂದ ಬಿಡಿಸಿ ಎರೆಹುಳು, ಗೆದ್ದಲು, ಸಹಸ್ರಪದಿಗಳನ್ನು ಆರಿಸುತ್ತಾರೆ. ಕಣ್ಣಿಗೆ ಕಾಣಿಸದಷ್ಟು ಸಣ್ಣವುಗಳಿಗಾಗಿ ಇಟಲಿಯ ಆಂಟೋನಿಯೋ ಬರ್ಲೇಸೆ 1905ರಲ್ಲಿ ರೂಪಿಸಿದ ಆಲಿಕೆಯಿದೆ. ಸ್ವೀಡನ್ನಿನ ಟುಲ್‌ಗ್ರೆನ್ 1918ರಲ್ಲಿ ಅದಕ್ಕೆ ವಿದ್ಯುದ್ದೀಪವನ್ನು ಅಳವಡಿಸಿದನು. ಮೇಲಿನಿಂದ ಕಾವು ತಗುಲಿ ಮಣ್ಣು ಒಣಗುತ್ತ ಬಂದಂತೆ ಪ್ರಾಣಿಗಳು ಕೆಳಗಿಳಿದು ಮದ್ಯಸಾರದ ಸೀಸೆಗೆ ಬೀಳುತ್ತವೆ. ನಡೆಯಬಲ್ಲವು ಮಾತ್ರ ಬೀಳುತ್ತವೆ. ಮೊಟ್ಟೆಗಳು ಮಣ್ಣಿನಲ್ಲಿಯೇ ಉಳಿಯುತ್ತವೆ. ಋತುವಿನ ಮಾತಂತೂ ಇನ್ನೂ ಮುಖ್ಯ. ಮುಂಗಾರಿನ ನೆಲದಲ್ಲಿ ಕೈಗೆ ಸಿಕ್ಕುವ ಎರೆಹುಳು ಬೇಸಗೆಯಲ್ಲಿ ಆಳಕ್ಕಿಳಿದು ಸುರುಳಿ ಸುತ್ತಿಕೊಂಡು ಸ್ತಬ್ಧವಾಗಿರಬಹುದು. ಜೂನ್‌ನ ಹೊಲವನ್ನು ಏಪ್ರಿಲ್‌ನ ಹೊಲದೊಡನೆ ಹೋಲಿಸಿದರೆ ದೊರೆಯುವುದು ಮಳೆಯ ವರದಿ.

ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿಯ ಪ್ರತಿಪಾದನೆಯೊಂದನ್ನು ಇಲ್ಲಿ ಉದಾಹರಿಸಬಹುದು. ಕರ್ನಾಟಕದಲ್ಲಿಯೂ ಅವರ ಮಾರ್ಗಕ್ಕೆ ಅನುಯಾಯಿಗಳು ಬಹಳ. ಜೀವಾಮೃತ ಹಾಕಿದರೆ ಆಳದಲ್ಲಿರುವ ದೇಶೀ ಎರೆಹುಳುಗಳು ಮೇಲಕ್ಕೆ ಬರುತ್ತವೆ ಎಂಬುದು ಅವರ ಮಾತು. ಮೇಲ್ಪದರದ 30 ಸೆಂಟಿಮೀಟರನ್ನು ಮಾತ್ರ ಎಣಿಸಿದ ಸಂಶೋಧಕನಿಗೆ ಇದನ್ನು ಸಮರ್ಥಿಸಲೂ ಆಗದು, ಅಲ್ಲಗಳೆಯಲೂ ಆಗದು. ಹುಳು ಹೆಚ್ಚಾದುದು ಮೇಲೇರಿ ಬಂದುದರಿಂದಲೋ ಸಂತತಿ ಬೆಳೆದುದರಿಂದಲೋ ಎಂಬುದನ್ನು ಬಿಡಿಸಬೇಕಾದರೆ ಆಳದ ಪದರಗಳನ್ನೂ ಅಗೆಯಬೇಕು, ಮರಿಗಳನ್ನೂ ಮೊಟ್ಟೆಗೂಡುಗಳನ್ನೂ ಬೇರೆಯಾಗಿ ಎಣಿಸಬೇಕು. ಹೊಗಳಿಕೆ ತೆಗಳಿಕೆಗಳಿಗಿಂತ ಈ ಎಣಿಕೆಯೇ ಆ ಮಾತಿಗೆ ತೋರುವ ಹೆಚ್ಚಿನ ಗೌರವ.

ಕನ್ನಡದ ಅಭ್ಯಾಸಿಗಳಿಗೆ ಸಂಬಂಧಿಸಿದ ಸಂಗತಿಯೊಂದು ಇದರಲ್ಲಿದೆ. ಎರೆಹುಳು, ಗೆದ್ದಲು, ಜರಿ, ಗೊಣ್ಣೆಹುಳು ಮುಂತಾಗಿ ಕಣ್ಣಿಗೆ ಬೀಳುವವುಗಳಿಗೆಲ್ಲ ರೈತರ ಬಾಯಲ್ಲಿ ಹೆಸರುಗಳಿವೆ. ನುಸಿ ಎಂಬ ಪದವೂ ಇದೆ. ಆದರೆ ತೆಂಗು ಬೆಳೆಗಾರನಿಗೆ ನುಸಿಯೆಂದರೆ ಕಾಯಿಯನ್ನು ಹಾಳುಮಾಡುವ ಪೀಡೆ. ಎಲೆಗೊಬ್ಬರವನ್ನು ಪುಡಿಗೈಯುವ ಮಣ್ಣಿನ ನುಸಿಗಳನ್ನು ಅದೇ ಪದದಿಂದ ಕರೆದಾಗ ಅವನು ಔಷಧಿ ಸಿಂಪಡಿಸಲು ಹೊರಟರೆ ಅಚ್ಚರಿಯಿಲ್ಲ. 1870ರಲ್ಲಿ ಜಾನ್ ಲಬಕ್ ಕೊಲೆಂಬೊಲ ಎಂದು ಹೆಸರಿಟ್ಟ, ಹೊಟ್ಟೆಯಡಿಯ ಕವಲುಬಾಲವನ್ನು ಚಿಮ್ಮಿಸಿ ಜಿಗಿಯುವ ಸೂಕ್ಷ್ಮ ಜೀವಿಗಳಿಗೆ ಊರಿನ ಮಾತಿನ ಹೆಸರು ರೂಢಿಯಲ್ಲಿಲ್ಲ. ಚಿಮ್ಮುಬಾಲ ಎಂದರೆ ಸಾಕಾದೀತು. ಮಣ್ಣಿನ ಪ್ರಾಣಿಶಾಸ್ತ್ರದ ಹತ್ತನೆಯ ಅಂತಾರಾಷ್ಟ್ರೀಯ ಸಮ್ಮೇಳನ 1988ರಲ್ಲಿ ಬೆಂಗಳೂರಿನಲ್ಲಿಯೇ ನಡೆದಿತ್ತು. ಆದರೂ ತನ್ನ ಹೊಲವನ್ನು ಸಂಶೋಧನೆಗೆ ಬಿಟ್ಟುಕೊಟ್ಟ ರೈತನಿಗೆ, ಅಲ್ಲಿ ಏನು ಸಿಕ್ಕಿತೆಂದು ಅವನ ಮಾತಿನಲ್ಲಿ ಹೇಳುವ ಪದಕೋಶ ಇನ್ನೂ ಬೆಳೆಯಬೇಕಾಗಿದೆ.

ರೈತನು ಕೇಳುವ ಪ್ರಶ್ನೆ ಹುಳು ಎಷ್ಟು ಎಂಬುದಲ್ಲ, ಇಳುವರಿ ಎಷ್ಟು ಎಂಬುದು. 2014ರಲ್ಲಿ ವಾನ್ ಗ್ರೂನಿಂಗನ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಒಟ್ಟಾಗಿ ವಿಶ್ಲೇಷಿಸಿ, ಎರೆಹುಳುಗಳಿದ್ದೆಡೆ ಇಳುವರಿ ಸರಾಸರಿ ಶೇ. 25ರಷ್ಟು ಹೆಚ್ಚೆಂದು ತೋರಿಸಿದರು. ಜೈವಿಕ ವಸ್ತುಗಳಲ್ಲಿ ಕಟ್ಟಿಕೊಂಡ ಸಾರಜನಕವನ್ನು ಹುಳುಗಳು ಬಿಡಿಸಿಕೊಡುವುದೇ ಇದಕ್ಕೆ ಮುಖ್ಯ ಕಾರಣವಾದುದರಿಂದ, ಸಾರಜನಕ ಗೊಬ್ಬರ ಧಾರಾಳವಾಗಿರುವಲ್ಲಿ ಈ ಲಾಭ ಕಾಣಲಿಲ್ಲ. ಯೂರಿಯಾ ಕೊಳ್ಳಲಾರದ ಒಣಬೇಸಾಯಗಾರನಿಗೇ ಈ ಶೋಧ ಹೆಚ್ಚು ಸಲ್ಲುತ್ತದೆ. ಅಲ್ಪಕಾಲದ ಪ್ರಬಂಧಗಳು ಅಂಥವನ ಹೊಲದಲ್ಲಿ ಕೊಂಡಿಯಂತೆ ಜೋಡಿಕೊಳ್ಳಲು ಸಾಧ್ಯವಿದೆ. ಮೊದಲ ವಿದ್ಯಾರ್ಥಿ ಅಗೆದ ಜಾಗದ ನಕ್ಷೆ, ಹಂಗಾಮು, ಆಳ, ಉಳುಮೆಯ ದಾಖಲೆ, ಮದ್ಯಸಾರದಲ್ಲಿ ಕಾಪಿಟ್ಟ ಮಾದರಿಗಳು ವಿಭಾಗದಲ್ಲಿ ಉಳಿದರೆ, ಹತ್ತು ವರ್ಷದ ಅನಂತರ ಬರುವ ವಿದ್ಯಾರ್ಥಿ ಅದೇ ಗುರುತಿನ ಬಳಿ ಮತ್ತೆ ಗುದ್ದಲಿ ಹಾಕಬಹುದು.