ಗಂಟಲು ನೋವು: ಅಲಕ್ಷ್ಯ ಬೇಡ

ಗಂಟಲು ನೋವು ಬಾರದ ಮಕ್ಕಳಿಲ್ಲ. ಬಹುಪಾಲು ವೈರಸ್‌ನಿಂದ ಬರುವಂಥದ್ದು. ಮೂಗು ಸೋರಿ, ಕೆಮ್ಮು ಬಂದು, ಒಂದು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಅದಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಆದರೆ 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಬಗೆಯಿದೆ. ಅದಕ್ಕೆ ಕಾರಣ 'ಎ' ಗುಂಪಿನ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ. ಇದ್ದಕ್ಕಿದ್ದಂತೆ ಜ್ವರ, ನುಂಗುವಾಗ ನೋವು, ಕೆಂಪಗೆ ಊದಿದ ಟಾನ್ಸಿಲ್. ಕೆಮ್ಮು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಕಣ್ಣಿಂದ ನೋಡಿಯೇ ಖಚಿತವಾಗಿ ಹೇಳಲಾಗದು, ಗಂಟಲಿನ ದ್ರವವನ್ನು ಪರೀಕ್ಷಿಸಬೇಕು.

ಈ ಸೋಂಕೂ ಹೆಚ್ಚಿನವರಲ್ಲಿ ತೊಂದರೆಯಿಲ್ಲದೆ ಮುಗಿಯುತ್ತದೆ. ಅಪರೂಪಕ್ಕೆ ಕೆಲವರಿಗೆ, ಗಂಟಲು ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ, ರುಮ್ಯಾಟಿಕ್ ಜ್ವರ ಬರುತ್ತದೆ. ಬ್ಯಾಕ್ಟೀರಿಯಾವನ್ನು ಎದುರಿಸಲು ದೇಹವೇ ತಯಾರಿಸಿದ ಪ್ರತಿಕಾಯಗಳು ತನ್ನದೇ ಅಂಗಗಳ ಮೇಲೆ ತಿರುಗಿಬೀಳುತ್ತವೆ. ನೋವು ಇಂದು ಮೊಣಕಾಲಿನಲ್ಲಿದ್ದರೆ ನಾಳೆ ಮಣಿಕಟ್ಟಿನಲ್ಲಿ. ಬೆಳೆಯುವ ಮಕ್ಕಳ ಕಾಲುನೋವೆಂದು ಎಣ್ಣೆ ಹಚ್ಚಿ ಮಲಗಿಸುವವರೇ ಹೆಚ್ಚು! ಕೀಲುಗಳು ಸರಿಹೋಗುತ್ತವೆ, ಹೃದಯದ ಕವಾಟಕ್ಕೆ ಆದ ಹಾನಿ ಜೀವನಪೂರ್ತಿ ಉಳಿಯಬಹುದು.

ಶಿಕ್ಷಕರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಇದೇ ಕಾಯಿಲೆ ಮೆದುಳನ್ನು ತಟ್ಟಿದಾಗ ಕೈಕಾಲುಗಳು ಹಿಡಿತ ತಪ್ಪಿ ಅಲುಗಾಡುತ್ತವೆ. ಗಂಟಲು ನೋವು ಬಂದುಹೋಗಿ ತಿಂಗಳುಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು. 1686ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಇದನ್ನು ವರ್ಣಿಸಿದ ಕಾರಣ ಸಿಡೆನ್‌ಹ್ಯಾಮ್ ಕೊರಿಯಾ ಎಂಬ ಹೆಸರು. ಗ್ರೀಕ್ ಭಾಷೆಯಲ್ಲಿ 'ಕೊರಿಯಾ' ಎಂದರೆ ಕುಣಿತ. ದುಂಡಗೆ ಬರೆಯುತ್ತಿದ್ದ ಮಗುವಿನ ಅಕ್ಷರ ದಿಢೀರನೆ ಕೆಟ್ಟರೆ, ಪೆನ್ಸಿಲ್ ಪದೇ ಪದೇ ಕೈಜಾರಿದರೆ, ಕಾರಣವಿಲ್ಲದೆ ಅಳು ಬಂದರೆ, ಕಾಪಿ ಬರೆಸುವ ಶಿಕ್ಷೆಗೆ ಮೊದಲು ತಂದೆತಾಯಿಗೆ ತಿಳಿಸೋಣ.

ಮೂತ್ರಪಿಂಡಕ್ಕೂ ತೊಂದರೆಯಾಗಬಹುದು: ಬೆಳಿಗ್ಗೆ ಮುಖ ಊದಿರುತ್ತದೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿ ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ನುಂಗಲಾಗದಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸ್ಟ್ರೆಪ್ಟೋಕಾಕಸ್ ಸೋಂಕಿಗೆ ಪೆನಿಸಿಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 10 ದಿನಕ್ಕೆ ಬರೆಯುತ್ತಾರೆ. ಮೂರನೇ ದಿನಕ್ಕೆ ಜ್ವರವಿಳಿದು ಮಗು ಆಟಕ್ಕೆ ಓಡುತ್ತದೆ, ಮಾತ್ರೆಗಳು ಡಬ್ಬಿ ಸೇರುತ್ತವೆ, ಮುಂದೆಂದೋ ತಮ್ಮನಿಗೆ ಗಂಟಲು ನೋವು ಬಂದಾಗ ಹೊರಬರುತ್ತವೆ. ಇಬ್ಬರಿಗೂ ಚಿಕಿತ್ಸೆ ಅರ್ಧ! ನೋವು ಶುರುವಾದ 9 ದಿನಗಳೊಳಗೆ ಔಷಧಿ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಆದ್ದರಿಂದ ಗಾಬರಿ ಬೇಡ, ಪರೀಕ್ಷೆ ಮಾಡಿಸಲು ಸಮಯವಿದೆ.

ಒಮ್ಮೆ ರುಮ್ಯಾಟಿಕ್ ಜ್ವರ ಬಂದವರು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ಅಂಥ ಮಕ್ಕಳಿರುವ ಪೋಷಕರು ರಜೆಯಲ್ಲಿ ಊರಿಗೆ ಹೊರಡುವಾಗ ವೈದ್ಯರ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಳ್ಳಲಿ. ಅಜ್ಜಿಮನೆಯಲ್ಲಿದ್ದಾಗಲೂ ಚುಚ್ಚುಮದ್ದಿನ ದಿನ ತಪ್ಪಬಾರದು.